ಅಪ್ಪನ ಹೊಲಿಗೆ

ಫೋಟೋದಲ್ಲಿ ಅಣ್ಣ ಸೂಜಿಯನ್ನು ಚಮಚ ಹಿಡಿದಂತೆ ಹಿಡಿದಿದ್ದ.

ಪುರಸಭೆಯ ಹಾಲ್‌ನಲ್ಲಿ ಊರಿನ ಹಳೆಯ ಅಂಗಡಿಗಳ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದರು. ಬಸ್ ನಿಲ್ದಾಣದ ಎದುರಿನ ಬೇಕರಿ, ಬಾಡಿಗೆ ಸೈಕಲ್‌ನವರು, ಪ್ರವಾಸಿಗರನ್ನು ಅಲೆಗೆ ಬೆನ್ನು ಮಾಡಿ ನಿಲ್ಲಿಸುವ ಸ್ಟುಡಿಯೋ. ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಕಡಲದಂಡೆಯ ಛತ್ರಿಗಳನ್ನೂ ಮಡಚುವ ಕುರ್ಚಿಗಳನ್ನೂ ಹೊಲಿದುಕೊಡುವ ಅಣ್ಣ ತಮ್ಮಂದಿರ ಕ್ಯಾನ್ವಾಸ್ ಅಂಗಡಿ. ಕೆಳಗೆ ಬರೆದಿತ್ತು: ‘ಮೂರು ತಲೆಮಾರಿನ ನೆರಳು ಹೊಲಿದ ಕೈ.’

ಆ ಕೈ ಗಲ್ಲಾಪೆಟ್ಟಿಗೆ ಬಿಟ್ಟು ಬೇರೇನನ್ನೂ ಮುಟ್ಟಿದ್ದಿಲ್ಲ. ಹೊಲಿಯುವ ಕೈ, ತಮ್ಮನದು, ಹಾಲ್‌ನ ಕೊನೆಯ ಸಾಲಿನಲ್ಲಿ ನಿಂತು ಯಾರದೋ ಗಂಟಲು ಹಿಸುಕುವಂತೆ ಮುಷ್ಟಿ ಬಿಗಿದಿತ್ತು. ಪೇಟೆಯವರಿಗೆ ಅಣ್ಣ ಛತ್ರಿ ಯಜಮಾನರು. ಅವನು ಬರೀ ಛತ್ರಿ ತಮ್ಮ.

“ನಮ್ಮ ಅಂಗಡಿಯಲ್ಲಿ ಎರಡು ತರ ಛತ್ರಿ ಇದೆ,” ಅಣ್ಣ ಮೈಕ್ ಹಿಡಿದು ಹೇಳಿದ. “ಒಂದು ಮಾರಾಟಕ್ಕೆ. ಇನ್ನೊಂದು ಅಲ್ಲಿ ಹಿಂದೆ ನಿಂತಿದೆ ನೋಡಿ, ಅದನ್ನ ಯಾರೂ ಕೊಳ್ಳಲ್ಲ.” ಹಾಲ್ ಘೊಳ್ಳೆಂದಿತು. “ತಮಾಷೆ ಬಿಡಿ. ನಾನು ಕಂಡುಹಿಡಿದ ಹೊಲಿಗೆ ಇದು. ದಂಡೆಯ ಯಾವ ಛತ್ರಿಯಲ್ಲಾದರೂ ಒಂದೇ ಒಂದು ಗಂಟು ಹುಡುಕಿ ತೋರಿಸಿ, ಛತ್ರಿ ಬಿಟ್ಟಿ!”

‘ನಾನು ಕಂಡುಹಿಡಿದ.’ ಅವನ ಕಿವಿಯಲ್ಲಿ ಆ ಎರಡು ಪದ ಬಿಸಿ ಎಣ್ಣೆಯಂತೆ ಇಳಿಯಿತು. ಹರಿದ ಹಳೆಯ ಛತ್ರಿಗಳನ್ನು ಬಿಚ್ಚಿ ಬಿಚ್ಚಿ ನೋಡಿದವನು ಅವನು. ಉಪ್ಪುನೀರು ಮೊದಲು ಕೂರುವುದು ಗಂಟಿನಲ್ಲಿ, ದಾರ ಕೊಳೆಯುವುದು ಅಲ್ಲಿಂದ ಎಂದು ಅರಿತವನು ಅವನು. ಗಂಟು ಹಾಕದೆ, ದಾರದ ತುದಿಯನ್ನು ಹಾಕಿದ ಹೊಲಿಗೆಗಳ ಅಡಿಯಲ್ಲೇ ಹಿಂದಕ್ಕೆ ನುಸುಳಿಸಿ ಮಡಿಕೆಯೊಳಗೆ ಮುಚ್ಚಿಬಿಡುವುದನ್ನು ಅವನ ಬೆರಳು ಕಲಿತಿದ್ದು ಅಪ್ಪ ಹೋದ ಮೇಲೆ. ಚಪ್ಪಾಳೆಯ ನಡುವೆ ಅತ್ತಿಗೆ ಮಾತ್ರ ಫೋಟೋದ ಮುಂದೆ ನಿಂತೇ ಇದ್ದಳು. ಗಂಡನ ಹೆಮ್ಮೆಯಲ್ಲಿ ಮುಳುಗಿದ್ದಾಳೆ, ಇವಳೂ ಅಷ್ಟೇ, ಎಂದುಕೊಂಡ.

ಮರುದಿನ ಊಟದ ಮೇಜಿನಲ್ಲಿ ಅಣ್ಣ ಇನ್ನೊಂದು ಸುದ್ದಿ ಹೇಳಿದ. ಅಂಗಡಿಯನ್ನು ದೊಡ್ಡ ರೆಸಾರ್ಟಿನವರಿಗೆ ಮಾರುತ್ತಿದ್ದಾನೆ. ಸೀಸನ್ ಮುಗಿದ ಕೂಡಲೇ ಸಹಿ.

“ಬೋರ್ಡು ಹಾಗೇ ಇರುತ್ತೆ ಕಣೋ, ಹೆಸರೂ ಇರುತ್ತೆ. ಬೇಕಾದ್ರೆ ನಿನ್ನನ್ನೂ ಇಟ್ಕೋತಾರಂತೆ. ಗಾಜಿನ ಹಿಂದೆ ಕೂತು ಹೊಲೀತಾ ಇರು, ಬಂದವರು ನೋಡ್ತಾರೆ.”

“ನೋಡೋಕೆ ನಾನೇನು ಮೀನಾ?”

“ಮೀನಿಗಾದ್ರೆ ಊಟ ಹಾಕಬೇಕು. ನೀನು ಹೇಗೂ ಬುತ್ತಿ ತಂದ್ಕೋತೀಯಲ್ಲ.”

“ಮಾರೋದು ಬೇಡ ಅಂತ ನಾನೂ ಹೇಳಿದೆ,” ಎಂದಳು ಅತ್ತಿಗೆ ತಟ್ಟೆಯಿಂದ ಕಣ್ಣೆತ್ತದೆ. ಅಣ್ಣ ಅವಳತ್ತ ತಿರುಗಿಯೂ ನೋಡಲಿಲ್ಲ.

ಅಲ್ಲಿಯವರೆಗೆ ಅವನ ಸಿಟ್ಟಿಗೆ ಆಕಾರವಿರಲಿಲ್ಲ. ಆ ಕ್ಷಣದಲ್ಲಿ ಅದಕ್ಕೊಂದು ಆಕಾರ ಬಂತು. ಅಣ್ಣ ಇಲ್ಲದಿದ್ದರೆ ಅಂಗಡಿ ಅತ್ತಿಗೆಯದು ಮತ್ತು ತನ್ನದು. ಅತ್ತಿಗೆ ಮಾರುವವಳಲ್ಲ.

ಅಂಗಡಿಯ ಮೇಲಿನ ಮನೆಗೆ ಕಡಲಿನತ್ತ ಚಾಚಿದ ಒಂದು ಬಾಲ್ಕನಿ. ಅದರ ಕಬ್ಬಿಣದ ಕಂಬಿಗಳನ್ನು ಉಪ್ಪುಗಾಳಿ ಎಂದೋ ತಿಂದುಹಾಕಿತ್ತು. ಅಪ್ಪ ಅವನ್ನು ಕಿತ್ತೆಸೆದು ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಆ ಹಗ್ಗಕ್ಕೆ ಎರಡು ಪದರದ ಕ್ಯಾನ್ವಾಸ್ ಹೊಲಿದಿದ್ದರು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅಣ್ಣ ಕಾಲುಮಣೆಯ ಮೇಲೆ ಕೂತು, ಇಡೀ ಮೈಭಾರವನ್ನು ಅದಕ್ಕೆ ಒರಗಿಸಿ ಚಹಾ ಕುಡಿಯುತ್ತಿದ್ದ. “ಅಪ್ಪನ ಹೊಲಿಗೆ, ಆನೆ ಒರಗಿದ್ರೂ ಜಗ್ಗಲ್ಲ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕೆಳಗೆ ದಂಡೆಗೆ ಇಳಿಯುವ ಕಲ್ಲಿನ ಮೆಟ್ಟಿಲು.

ಕತ್ತರಿಸಿದರೆ ಕತ್ತರಿಯ ಗುರುತು ಉಳಿಯುತ್ತದೆ. ಸಡಿಲ ಮಾಡಿದರೆ ಕಣ್ಣಿಗೆ ಬೀಳುತ್ತದೆ. ಆದರೆ ದಾರ ತಾನಾಗಿ ಕೊಳೆತರೆ ಅದಕ್ಕೆ ಯಾರು ಹೊಣೆ? ಗಾಳಿ, ಕಡಲು, ಸತ್ತ ಅಪ್ಪ.

ಅಪ್ಪನ ಪೆಟ್ಟಿಗೆಯ ತಳದಲ್ಲಿ ಅವರದೇ ದಾರದ ಉಂಡೆಯೊಂದು ಉಳಿದಿತ್ತು. ಕೊನೆಕೊನೆಗೆ ಅಪ್ಪನ ಕಣ್ಣು ಮಂಜಾದಾಗ ಅತ್ತಿಗೆ ಪಕ್ಕದಲ್ಲಿ ಕೂತು ಸೂಜಿಗೆ ಪೋಣಿಸಿಕೊಡುತ್ತಿದ್ದ ದಾರ. ಈಗ ಅದು ಹಪ್ಪಳದಂತಾಗಿತ್ತು. ಬೆರಳಿಗೆ ಸುತ್ತಿ ಮೆಲ್ಲಗೆ ಎಳೆದ. ತಡೆಯಿತು. ಜೋರಾಗಿ ಎಳೆದ. ಪಟ್ಟನೆ ಹರಿಯಿತು. ಅವನಿಗೆ ಬೇಕಾಗಿದ್ದುದು ಇದೇ. ಬಟ್ಟೆಯ ಭಾರ ತಡೆಯುವ, ಗಾಳಿಯನ್ನೂ ತಡೆಯುವ, ಅಣ್ಣನನ್ನು ಮಾತ್ರ ತಡೆಯದ ದಾರ. ಅತ್ತಿಗೆ ಅದಕ್ಕೆ ಒರಗಿಯಾಳೆಂಬ ಭಯವಿರಲಿಲ್ಲ. ಎತ್ತರ ಕಂಡರೆ ತಲೆ ತಿರುಗುತ್ತದೆಂದು ಅವಳು ಆ ಕಡೆ ಸುಳಿಯುವವಳೇ ಅಲ್ಲ.

ಅಣ್ಣ ಅತ್ತಿಗೆ ಕಣ್ಣಿನ ಡಾಕ್ಟರ ಬಳಿ ಹೋದ ಮಧ್ಯಾಹ್ನ ಅವನು ಮೇಲೆ ಹೋದ. ಹಳೆಯ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದ. ಹೊಸ ತೂತು ಒಂದನ್ನೂ ಮಾಡಲಿಲ್ಲ. ಅಪ್ಪನ ಸೂಜಿ ಹೋದ ದಾರಿಯಲ್ಲೇ ತನ್ನ ಸೂಜಿಯನ್ನು ನಡೆಸಿದ. ದಾರಕ್ಕೆ ಮೇಣ ಸವರಲಿಲ್ಲ, ಹೊಸ ಮೇಣ ಹೊಳೆಯುತ್ತದೆ. ಕಚ್ಚಾ ಕೈ ಯಾವುದಾದರೂ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಅಪ್ಪ ಹೊಲಿಗೆಗೆ ಬಿಡುತ್ತಿದ್ದ ಅಂತರ, ಅವರು ಎಳೆಯುತ್ತಿದ್ದ ಬಿಗಿ, ಎಲ್ಲ ಹಾಗೆಹಾಗೇ. ಕೆಲಸ ನಡೆಯುವಾಗ ಸಿಟ್ಟು ಕೂಡ ತಣ್ಣಗಾಗಿ ಒಂದು ಬಗೆಯ ಸುಖ ಬಂತು. ಕಡಲನ್ನು ನೋಡುತ್ತಲೇ ಕೊನೆಯ ಹೊಲಿಗೆ ಮುಗಿಸಿದ. ಬೆರಳು ತಮ್ಮ ಪಾಡಿಗೆ ತಾವು ದಾರವನ್ನು ಮುಗಿಸಿ ಸೂಜಿಯನ್ನು ಹೊರಗೆ ಎಳೆದವು. ಹಳೆಯದಾಗಿ ಕಾಣಲೆಂದು ಮೇಲಿಂದ ಚಹಾದ ಚರಟ ಸವರಿ, ಬಾಲ್ಕನಿಯ ಮೂಲೆಯ ಧೂಳನ್ನು ಅದಕ್ಕೆ ತಟ್ಟಿದ. ಈ ಜನ್ಮದಲ್ಲಿ ತಾನು ಮಾಡಿದ ಅತ್ಯುತ್ತಮ ಕೆಲಸ. ಇದನ್ನೂ ಯಾರೂ ತನ್ನದೆನ್ನುವುದಿಲ್ಲ ಎಂದು ನೆನೆದು ಮೊದಲ ಬಾರಿಗೆ ನಗು ಬಂತು.

ಆ ಸಂಜೆ ಅವನು ದಂಡೆಯಲ್ಲಿ ಬಾಡಿಗೆ ಸೈಕಲ್‌ನವನ ಜೊತೆ ಕುರ್ಚಿಗಳನ್ನು ಮಡಚುತ್ತಿದ್ದ. ಮೇಲೆ ಅಣ್ಣ ಯಾವುದೋ ತನ್ನದೇ ಜೋಕಿಗೆ ತಾನೇ ನಗುವುದು ಕೇಳಿಸಿತು. ಆಮೇಲೆ ಬಟ್ಟೆ ಹರಿದ ಸದ್ದು, ಕಲ್ಲಿನ ಮೇಲೆ ಚಹಾದ ಲೋಟ, ಮತ್ತು ಇನ್ನೊಂದು ಸದ್ದು. 

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರು ಕ್ಯಾನ್ವಾಸನ್ನು ಅವನ ಕತ್ತರಿಸುವ ಮೇಜಿನ ಮೇಲೆಯೇ ಹಾಸಿ ಹರಿದ ದಾರವನ್ನು ಉಗುರಿನಿಂದ ಕೆದರಿದರು. ಅದು ಪುಡಿಯಾಯಿತು.

“ಎಷ್ಟು ಹಳೇದಪ್ಪಾ ಇದು?”

“ನಮ್ಮ ಅಪ್ಪ ಹೊಲಿದಿದ್ದು ಸಾರ್. ಆಮೇಲೆ ಯಾರೂ ಅದಕ್ಕೆ ಕೈ ಹಚ್ಚಿಲ್ಲ. ನಾನಂತೂ ಮುಟ್ಟಿದವನೇ ಅಲ್ಲ. ಬದಲಾಯಿಸೋಣ ಅಂತ ಅಣ್ಣನಿಗೆ ಎಷ್ಟೋ ಸಲ ಹೇಳಿದೆ, ಕೇಳಬೇಕಲ್ಲ.”

“ಮನೆಯೊಳಗೇ ಯಮನಿಗೆ ಒರಗಿಕೊಂಡು ಕೂತಿದ್ದ ಹಾಗಾಯ್ತು,” ಎಂದು ಇನ್ಸ್‌ಪೆಕ್ಟರು ನಿಟ್ಟುಸಿರಿಟ್ಟು ಟೋಪಿ ಎತ್ತಿಕೊಂಡರು. “ಸರಿ, ಮಡಚಿ.”

ಮಡಚಲು ಕೈ ಹಾಕಿದವಳು ಅತ್ತಿಗೆ. ಹರಿಯದೆ ಉಳಿದ ಅಂಚಿನ ಮೇಲೆ ಅವಳ ಹೆಬ್ಬೆರಳು ಸುಮ್ಮನೆ ಸರಿಯಿತು, ಕೊನೆಯ ಹೊಲಿಗೆಯ ಬಳಿ ನಿಂತಿತು, ಏನನ್ನೋ ಹುಡುಕುವಂತೆ ಮತ್ತೆ ಹಿಂದಕ್ಕೆ ಬಂತು. “ಗಂಟಿಲ್ಲ,” ಎಂದಳು. ಇನ್ಸ್‌ಪೆಕ್ಟರು ತಿರುಗಿದರು. “ಮಾವ ಗಂಟು ಹಾಕದೆ ದಾರ ಕಡಿದವರೇ ಅಲ್ಲ ಸಾರ್, ದಾರ ಪೋಣಿಸಿಕೊಡ್ತಿದ್ದದ್ದು ನಾನೇ.” ಅವಳು ಮೈದುನನ ಮುಖ ನೋಡಲಿಲ್ಲ. ಅವನ ಬೆರಳುಗಳನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ನಿಮ್ಮಣ್ಣ ಮೈಕಿನಲ್ಲಿ ಏನೇ ಹೇಳ್ಕೊಂಡಿರಲಿ, ಈ ಹೊಲಿಗೆ ಯಾರ ಕೈಯದು ಅಂತ ನನಗೆ ಯಾವತ್ತೂ ಗೊತ್ತಿತ್ತು ಕಣೋ.”