ಗೋಡೆ ಮೇಲಿನ ಏಳು ಮೆಟ್ಟಿಲು

“ಹಸಿರು ಒತ್ತಿ ಅಕ್ಕೋರೆ, ಹಸಿರು!”

“ಬೇಡ ಬೇಡ, ನೀಲಿ! ನೀಲಿ ಒಳಗೆ ಕುದುರೆ ಇರುತ್ತೆ!”

ಐದನೇ ಕ್ಲಾಸಿನ ಮಕ್ಕಳೆಲ್ಲ ಬೆಂಚಿನ ಮೇಲೆ ಮಂಡಿಯೂರಿ ಕಿರುಚುತ್ತಿದ್ದರು. ಕಿಟಕಿಗಳಿಗೆ ಮನೆಯಿಂದ ತಂದ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಪ್ರೊಜೆಕ್ಟರಿನ ಬೆಳಕು ಸೀದಾ ಎದುರಿನ ಗೋಡೆಗೆ ಬಿದ್ದಿತ್ತು.

ಅಬ್ಬಬ್ಬಾ, ಆ ಗೋಡೆಯನ್ನು ನೀವು ನೋಡಬೇಕಿತ್ತು! ನಿನ್ನೆಯವರೆಗೆ ಅದು ಸುಣ್ಣ ಉದುರುವ ಬರೀ ಗೋಡೆ. ಇವತ್ತು ಅದರ ತುಂಬ ಬಣ್ಣಬಣ್ಣದ ಡಬ್ಬಿಗಳು. ಒಂದೊಂದರ ಮೇಲೂ ನೂರು, ಇನ್ನೂರು, ಐನೂರು ಅಂತ ಪಾಯಿಂಟು. ಒಂದನ್ನು ಒತ್ತಿದರೆ ಸಾಕು, ಅದು ಗಿರ್ರನೆ ತಿರುಗಿ ಬಾಯಿ ತೆರೆಯುತ್ತಿತ್ತು. ಒಳಗಿನಿಂದ ಪ್ರಶ್ನೆ ಹೊರಬರುತ್ತಿತ್ತು. ಯಾವುದೋ ಒಂದು ಡಬ್ಬಿಯಲ್ಲಿ ಕುದುರೆ ಅಡಗಿತ್ತು. ಅದು ಸಿಕ್ಕರೆ ಪಾಯಿಂಟು ಡಬಲ್!

ಟೀವಿಯ ಗೇಮ್ ಶೋ ಇದ್ದ ಹಾಗೇ ಇತ್ತು. ಆದರೆ ಇದನ್ನು ಮಾಡಿದ್ದು ಟೀವಿಯವರಲ್ಲ, ಹೊಸದಾಗಿ ಬಂದ ನಾಜಿರಾ ಅಕ್ಕೋರು. ಸ್ಲೈಡಿನ ಹಿಂದೆ ಸ್ಲೈಡು ಜೋಡಿಸಿ, ಅದಕ್ಕೆ ಸದ್ದನ್ನೂ ಅವರೇ ಸೇರಿಸಿದ್ದರು. ಉತ್ತರ ಸರಿಯಾದರೆ ಕೊಮುಜ್ ವಾದ್ಯದ ತಂತಿ ಝಂ ಅನ್ನುತ್ತಿತ್ತು. ತಪ್ಪಾದರೆ ಕತ್ತೆ ಅರಚುತ್ತಿತ್ತು. ಅದು ಅಕ್ಕೋರ ಮಾವನ ಸ್ವಂತ ಕತ್ತೆ. ಫೋನು ಹಿಡಿದುಕೊಂಡು ಅದರ ಹಿಂದೆ ಸುತ್ತಿ ರೆಕಾರ್ಡ್ ಮಾಡಿದ್ದರಂತೆ.

ಹದ್ದು ಟೀಮಿಗೆ ಸೈಕಾಲ್ ಲೀಡರು. ಚಿರತೆ ಟೀಮಿಗೆ ದನಿಯಾರ್. ಅವನು ಸೈಕಾಲಳ ನೆಂಟನೇ, ಬೇಲಿಯಾಚೆಯ ಮನೆಯವನು.

“ಹಳದಿ, ಐನೂರು!” ಅಂದ ದನಿಯಾರ್.

ಹಳದಿ ಡಬ್ಬಿ ತಿರುಗಿತು. ‘ಏಳು ಅಪ್ಪಂದಿರು’ ಅಂತ ಬಂತು. ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಏಳು ಖಾಲಿ ಮೆಟ್ಟಿಲುಗಳು ಮೂಡಿದವು.

“ಇದನ್ನ ಎರಡೂ ಟೀಮಿನ ಲೀಡರು ಹೇಳಬೇಕು,” ಅಂದರು ಅಕ್ಕೋರು. “ನಿಮ್ಮಪ್ಪ, ಅವರಪ್ಪ, ಅವರಪ್ಪ, ಹೀಗೆ ಏಳು. ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತಾ ಹೋಗ್ತೀನಿ.”

ಅಯ್ಯೋ, ಇದೂ ಒಂದು ಪ್ರಶ್ನೆಯೇ! ಹಿಮಬೆಟ್ಟಗಳ ನಡುವಿನ ಆ ಊರಲ್ಲಿ ಹಲ್ಲು ಬರುವ ಮೊದಲೇ ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಏಳು ಅಪ್ಪಂದಿರ ಹೆಸರು ಬಾರದವನು ದಿಕ್ಕಿಲ್ಲದವನು ಅಂತ ಮುದುಕರು ಬೈಯುತ್ತಾರೆ.

ದನಿಯಾರ್ ಎದೆಯುಬ್ಬಿಸಿ ಶುರು ಮಾಡಿದ. “ಕುಬಾನ್, ಮುಕಾಶ್, ಜುಮಾಬಾಯ್, ಓಸ್ಮೋನ್, ಕೆರಿಮ್, ತಿಲೆಕೆ, ಬೈಗಾಜಿ!”

ಒಂದೊಂದು ಹೆಸರಿಗೂ ಒಂದೊಂದು ಮೆಟ್ಟಿಲು ಬೆಳಗಿತು. ಝಂ ಅಂತು ಕೊಮುಜ್.

ಈಗ ಸೈಕಾಲಳ ಸರದಿ. ಅವಳಿಗೇನು ಭಯ? ಅಪ್ಪ ಕುದುರೆಗೆ ಮೈ ಉಜ್ಜುವಾಗೆಲ್ಲ ಪಕ್ಕದಲ್ಲಿ ನಿಂತು ಏಳರ ಮಗ್ಗಿಯಂತೆ ಒಪ್ಪಿಸಿದವಳು ಅವಳು. ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

“ಮುಕಾಶ್, ಜುಮಾಬಾಯ್, ಓಸ್ಮೋನ್, ಕೆರಿಮ್, ತಿಲೆಕೆ, ಬೈಗಾಜಿ, ಬೋರಿ!”

ದನಿಯಾರನ ಮೆಟ್ಟಿಲುಗಳ ಪಕ್ಕದಲ್ಲೇ ಅವಳ ಮೆಟ್ಟಿಲುಗಳೂ ಹೊಳೆದವು. ಹಿಂದಿನ ಬೆಂಚಿನಿಂದ ತೆಮಿರ್ ಶಿಳ್ಳೆ ಹೊಡೆದ.

“ನೋಡ್ರೋ! ಇಬ್ಬರದ್ದೂ ಅವೇ ಹೆಸರು! ಇವಳದ್ದು ಒಂದೊಂದು ಮೆಟ್ಟಿಲು ಕೆಳಗಿದೆ ಅಷ್ಟೇ!”

“ಹಂಗಾದ್ರೆ ಸೈಕಾಲ್ ದನಿಯಾರಂಗೆ ಅತ್ತೆ ಆಗಬೇಕು ಕಣೋ!”

“ಅತ್ತೆಮ್ಮಾ, ಸಲಾಂ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ದನಿಯಾರ್ ನಗಲಿಲ್ಲ. ಅವನಿಗೆ ಲೆಕ್ಕ ಸರಿಯಾಗಬೇಕು, ಅಷ್ಟೇ.

“ಅಕ್ಕೋರೆ, ಅವಳದ್ದು ತಪ್ಪು. ಮುಕಾಶ್ ನಮ್ಮಜ್ಜ. ಇವಳ ಅಪ್ಪ ತಲಾಂತ್ ಚಿಕ್ಕಪ್ಪ.”

ಅಕ್ಕೋರು ಊರಿಗೆ ಹೊಸಬರು. ತಪ್ಪು ಅಂದ ಕೂಡಲೇ ಅವರ ಬೆರಳು ಒತ್ತಿಬಿಟ್ಟಿತ್ತು. ಗೋಡೆಯಿಂದ ಕತ್ತೆ ಅರಚಿತು.

ಸೈಕಾಲಳ ಕಿವಿ ಬಿಸಿಯಾಯಿತು. ಹಾಗಂತ ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಊರಿಗೇ ಗೊತ್ತಿತ್ತು. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯ ಮಡಿಲಿಗೆ ಹಾಕುವುದು ಅಲ್ಲಿನ ಹಳೇ ಪದ್ಧತಿ. ಸೈಕಾಲ್ ಹುಟ್ಟಿದಾಗ ಮುಕಾಶ್ ತಾತನೇ ಹೋಗಿ ಅವಳನ್ನು ತನ್ನ ಕೋಟಿನೊಳಗೆ ಸುತ್ತಿ ತಂದಿದ್ದ. ಅಂದಿನಿಂದ ಮುಕಾಶ್ ಅವಳಿಗೆ ಅಪ್ಪ. ಅಜ್ಜಿ ಅಮ್ಮ. ಘಾಟಿಯ ಬುಡದಲ್ಲಿ ಸಂಸಾರ ಹೂಡಿದ್ದ ತಲಾಂತ್ ಬರೀ ‘ಅಣ್ಣ’. ಅವನು ಬಂದಾಗ ತಲೆ ನೇವರಿಸುತ್ತಿದ್ದ, ಕಲ್ಲುಸಕ್ಕರೆ ಕೊಡುತ್ತಿದ್ದ, ಹೋಗುತ್ತಿದ್ದ. ಬೇರೆ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಈಗ ಗೋಡೆಯೇ ಆಡಿಬಿಟ್ಟಿತ್ತು, ಅದೂ ಇಡೀ ಕ್ಲಾಸಿನ ಎದುರಿಗೆ.

ಬೆಲ್ ಆದ ಮೇಲೆ ಅಕ್ಕೋರು ಅವಳನ್ನು ಹತ್ತಿರ ಕರೆದರು. ಅವರ ಮುಖವೂ ಚಿಕ್ಕದಾಗಿತ್ತು.

“ನಂಗೆ ಗೊತ್ತಿರಲಿಲ್ಲ ಪುಟ್ಟಾ. ನೌರೂಜ್ ಹಬ್ಬದ ದಿನ ಊರವರ ಎದುರಿಗೆ ಫೈನಲ್ ಆಡಿಸಬೇಕು. ಮತ್ತೆ ನೀವಿಬ್ಬರೇ ಲೀಡರು.”

“ಆ ಹಳದಿ ಡಬ್ಬಿ ತೆಗೆದುಬಿಡಿ ಅಕ್ಕೋರೆ,” ಅಂದಳು ಸೈಕಾಲ್.

“ತೆಗೀತೀನಿ,” ಅಂದರು ಅಕ್ಕೋರು.

ಮನೆಯಲ್ಲಿ ಅಜ್ಜಿ ಹಬ್ಬಕ್ಕೆ ಬೋರ್ಸೋಕ್ ಕರಿಯುತ್ತಿದ್ದಳು. ಮುಕಾಶ್ ಒಲೆಯ ಪಕ್ಕ ಕೂತು ಕುದುರೆ ಜೀನಿನ ಪಟ್ಟಿ ಹೊಲಿಯುತ್ತಿದ್ದ.

“ಏನೇ, ಮೂತಿ ಯಾಕೆ ಊದಿದೆ?” ಅಂದ.

“ಕತ್ತೆ ಅರಚಿತು ಅಪ್ಪಾ.”

“ಯಾವ ಕತ್ತೆ?”

“ಗೋಡೆ ಮೇಲಿಂದು.”

“ಕತ್ತೆ ಗೋಡೆ ಹತ್ತೋ ಕಾಲ ಬಂತಾ!” ಅಂತ ಅಜ್ಜಿ ಜಾಲರಿ ಸೌಟು ಹಿಡಿದೇ ನಕ್ಕಳು.

ಸೈಕಾಲ್ ನಗಲಿಲ್ಲ. ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅಳು ಬಂದೇಬಿಟ್ಟಿತು.

“ತಲಾಂತ್ ಅಣ್ಣನ ಹೆಸರು ಮೊದಲು ಹೇಳಿದ್ರೆ ನಿಮಗೆ ಬೇಜಾರಾಗಲ್ವಾ ಅಪ್ಪಾ?”

“ನನ್ನ ಹೆಸರು ಎರಡನೇ ಮೆಟ್ಟಿಲಿಗೆ ಹೋದ್ರೆ ನಾನೇನು ಕುಳ್ಳ ಆಗ್ತೀನಾ?” ಅಂದ ಮುಕಾಶ್. ಅಂದನೇನೋ ಸರಿ, ಆದರೆ ಅವನ ಸೂಜಿ ಪಟ್ಟಿಯಲ್ಲಿ ಅರ್ಧಕ್ಕೇ ನಿಂತಿತ್ತು. ಸೈಕಾಲ್ ಅದನ್ನು ನೋಡಿದಳು.

ಸ್ವಲ್ಪ ಹೊತ್ತಾದ ಮೇಲೆ ಮುಕಾಶ್ ಕೇಳಿದ. “ಓಸ್ಮೋನ್ ಯಾರು ಗೊತ್ತಾ?”

“ಮೂರನೇ ಮೆಟ್ಟಿಲು.”

“ಮೆಟ್ಟಿಲಂತೆ ಮೆಟ್ಟಿಲು! ನನ್ನಜ್ಜ ಕಣೇ ಅವನು. ಅವನ ತೊಡೆ ಮೇಲೆ ಆಡಿದೋನು ನಾನು. ಅವನಿಗೆ ನಾಲ್ಕು ವರ್ಷ ಆಗಿದ್ದಾಗ ದೊಡ್ಡ ಗಲಾಟೆ ಆಯ್ತು. ರಷ್ಯಾದ ದೊರೆಯ ಸೈನಿಕರು ಬಂದ್ರು. ಊರಿಗೆ ಊರೇ ಕುದುರೆ ಹತ್ತಿ, ಘಾಟಿ ದಾಟಿ ಚೀನಾ ಕಡೆ ಓಡ್ತು. ಮೇಲೆ ಸೊಂಟದುದ್ದ ಹಿಮ. ಅವನಪ್ಪ ಕೆರಿಮ್ ಕುರಿಗಳನ್ನ ಹೊಡ್ಕೊಂಡು ಕೊನೆಯಲ್ಲಿ ಬರ್ತಾ ಇದ್ದ. ಬರ್ತಾ ಇದ್ದೋನು ಬರಲೇ ಇಲ್ಲ.”

ಸೈಕಾಲ್ ಕಣ್ಣೊರೆಸಿಕೊಂಡಳು. “ಓಸ್ಮೋನ್?”

“ಅವನನ್ನ ಅಜ್ಜ ತಿಲೆಕೆ ಹಸುಬೆ ಚೀಲದ ಒಂದು ಬದಿಗೆ ಹಾಕಿದ. ಚೀಲ ವಾಲಬಾರದು ಅಂತ ಇನ್ನೊಂದು ಬದಿಗೆ ಒಂದು ಕಲ್ಲು ಹಾಕಿದ. ಹಂಗೇ ಕುದುರೆ ಮೇಲೆ ದಾಟಿಸಿದ. ಆಮೇಲೆ ಸಾಕಿದ್ದೂ ಅವನೇ. ಓಸ್ಮೋನ್ ಸಾಯೋ ತನಕ ತಿಲೆಕೆಯನ್ನೇ ಅಪ್ಪಾ ಅಂತಿದ್ದ. ಕೆರಿಮ್ ಮುಖವೇ ನೆನಪಿರಲಿಲ್ಲ ಪಾಪ.”

“ಮತ್ತೆ ನಿಮಗೆ ಹೆಸರು ಕಲಿಸುವಾಗ ಕೆರಿಮ್ ಅಂತ ಹೇಳ್ತಿದ್ರಾ?”

“ಹೇಳ್ತಿದ್ದ. ಒಂದು ಸಲವೂ ಬಿಟ್ಟಿಲ್ಲ. ಅಲ್ಲಿಗೆ ಬಂದಾಗ ಮಾತ್ರ ಸ್ವಲ್ಪ ನಿಲ್ತಿದ್ದ.”

ಸೈಕಾಲಳ ಮೈ ಜುಂ ಅಂತು. ಇಷ್ಟು ದಿನ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ್ದಳಲ್ಲ, ಆ ಹೆಸರುಗಳೊಳಗೆ ಜನ ಇದ್ದರು! ಒಬ್ಬ ಚೀಲದೊಳಗಿಂದ ಇಣುಕುತ್ತಿದ್ದ. ಒಬ್ಬ ಹಿಮದಲ್ಲಿ ನಿಂತಿದ್ದ. ಆ ಘಾಟಿ ಯಾವುದು ಅನ್ನೋದೂ ಅವಳಿಗೆ ಗೊತ್ತಿತ್ತು. ತಲಾಂತ್ ಅಣ್ಣ ದಿನಾ ಹಿಮ ತೆಗೆಯುವ ಗಾಡಿ ಓಡಿಸುವುದು ಅದೇ ಘಾಟಿಯಲ್ಲಿ.

“ಹಬ್ಬದ ದಿನ ನಾನು ಏನು ಹೇಳಲಿ ಅಪ್ಪಾ?”

“ನನ್ನ ಕೇಳಿದ್ರೆ? ಆಟ ನಿಂದು,” ಅಂದು ಮುಕಾಶ್ ಮತ್ತೆ ಸೂಜಿ ಎಳೆದ.

ಮರುದಿನ ಬೆಳಗ್ಗೆ ಮೊದಲ ಬೆಲ್ಲಿಗೂ ಮುಂಚೆ ಸೈಕಾಲ್ ಸ್ಟಾಫ್ ರೂಮಿನ ಬಾಗಿಲಲ್ಲಿದ್ದಳು.

“ಅಕ್ಕೋರೆ, ಹಳದಿ ಡಬ್ಬಿ ವಾಪಸ್ ಹಾಕ್ತೀರಾ?”

ಹಬ್ಬದ ದಿನ ಶಾಲೆಯ ಹಾಲ್ ಕಿಕ್ಕಿರಿದು ತುಂಬಿತ್ತು. ಅಂಗಳದಲ್ಲಿ ದೊಡ್ಡ ಕಡಾಯಿಯ ಸುಮೊಲೊಕ್, ಗೋಧಿ ಮೊಳಕೆಯ ಹಬ್ಬದ ಪಾಯಸ, ಘಮಘಮ ಅನ್ನುತ್ತಿತ್ತು. ಬಟ್ಟಲು ಹಿಡಿದೇ ಜನ ಒಳಗೆ ಬಂದಿದ್ದರು. ಎತ್ತರದ ಬಿಳಿ ಟೋಪಿಯ ಮುದುಕರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಕಂಬಳಿ ಇಳಿಬಿಟ್ಟು ಗೋಡೆ ಬೆಳಗಿದ ಕೂಡಲೇ ಆ ಮುದುಕರ ಬಾಯಿಂದಲೇ “ಓಹೋ!” ಅಂತ ಹೊರಟಿತು. ಡಬ್ಬಿ ತಿರುಗಿದಾಗೆಲ್ಲ ಅವರೂ ಮಕ್ಕಳಂತೆ ಕೂಗಿದರು. ಕತ್ತೆ ಅರಚಿದಾಗ ಒಬ್ಬ ತಾತ ತನ್ನ ಕತ್ತೆಯೇ ಬಿಚ್ಚಿಕೊಂಡು ಬಂತೇನೋ ಅಂತ ಬಾಗಿಲಿಗೆ ಓಡಿದ!

ಕೊನೆಗೆ ಎರಡೂ ಟೀಮಿನ ಪಾಯಿಂಟು ಸಮ ಆಯಿತು. ಉಳಿದದ್ದು ಹಳದಿ ಡಬ್ಬಿ ಒಂದೇ.

ದನಿಯಾರ್ ತನ್ನ ಏಳನ್ನೂ ಪಟಪಟ ಹೇಳಿದ. ಕೊಮುಜ್ ಝಂ ಅಂತು.

ಸೈಕಾಲ್ ಎದ್ದು ನಿಂತಳು. ಗೋಡೆಯ ಮೇಲೆ ಅವಳ ಏಳು ಮೆಟ್ಟಿಲು ಖಾಲಿಯಾಗಿ ಕಾಯುತ್ತಿದ್ದವು. ಮುಂದಿನ ಸಾಲಿನಲ್ಲಿ ಮುಕಾಶ್ ತನ್ನ ಬೂಟನ್ನೇ ನೋಡುತ್ತಿದ್ದ. ಬಾಗಿಲ ಹತ್ತಿರ ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ಟಿನಲ್ಲಿ ತಲಾಂತ್ ನಿಂತಿದ್ದ. ಈಗಷ್ಟೇ ಘಾಟಿಯಿಂದ ಇಳಿದು ಬಂದಿದ್ದ. ಅವನ ಬೂಟಿನ ಹಿಮ ಇನ್ನೂ ಕರಗಿರಲಿಲ್ಲ.

ಅವಳು ಇಬ್ಬರನ್ನೂ ಒಮ್ಮೆ ನೋಡಿದಳು.

“ತಲಾಂತ್,” ಅಂದಳು. ‘ಅಣ್ಣ’ ಅನ್ನಲಿಲ್ಲ.

ಮೊದಲ ಮೆಟ್ಟಿಲು ಬೆಳಗಿತು. ಬಾಗಿಲ ಹತ್ತಿರ ತಲಾಂತ್ ಮೆಲ್ಲಗೆ ಟೋಪಿ ತೆಗೆದ. ತನ್ನ ಹೆಸರನ್ನು ಯಾವತ್ತೂ ಓದಿರದವನಂತೆ ಗೋಡೆಯನ್ನೇ ನೋಡುತ್ತಾ ನಿಂತ.

“ಮುಕಾಶ್.”

ಮುಂದಿನ ಸಾಲಿನಿಂದ “ಹೂಂ,” ಅಂತ ಕೇಳಿಸಿತು.

“ಜುಮಾಬಾಯ್. ಓಸ್ಮೋನ್.”

ಅಲ್ಲಿ ಸೈಕಾಲ್ ಸ್ವಲ್ಪ ನಿಂತಳು. ಮರೆತಳೇನೋ ಅಂತ ಹದ್ದು ಟೀಮಿನವರು ಉಸಿರು ಬಿಗಿಹಿಡಿದರು. ಮುಕಾಶ್ ಮಾತ್ರ ತಲೆಯೆತ್ತಿ ಅವಳನ್ನು ನೋಡಿದ.

“ಕೆರಿಮ್,” ಅಂದಳು ಮೆಲ್ಲಗೆ. “ತಿಲೆಕೆ. ಬೈಗಾಜಿ.”

ಝಂ! ಏಳೂ ಮೆಟ್ಟಿಲು ಹೊಳೆದವು. “ಸರಿ ಉತ್ತರ!” ಅಂದರು ಅಕ್ಕೋರು. “ಮತ್ತೆ ಸಮ!”

“ಇನ್ನೊಬ್ಬರು ಇದ್ದಾರೆ ಅಕ್ಕೋರೆ.”

“ಏಳು ಮುಗೀತಲ್ಲ ಪುಟ್ಟಾ?”

“ಅಪ್ಪ ನಂಗೆ ತಮ್ಮಿಂದ ಶುರು ಮಾಡಿ ಏಳು ಕಲಿಸಿದ್ರು. ಅದಕ್ಕೇ ನನ್ನ ಹತ್ರ ಒಂದು ಜಾಸ್ತಿ ಇದೆ. ಬೋರಿ.”

ಅಕ್ಕೋರು ಟೈಪ್ ಮಾಡಿದರು. ಆದರೆ ಎಂಟನೇ ಮೆಟ್ಟಿಲಿಗೆ ಗೋಡೆಯಲ್ಲಿ ಜಾಗ ಎಲ್ಲಿತ್ತು? ಆ ಹೆಸರು ಗೋಡೆ ದಾಟಿ, ಸೂರಿನ ಹಲಗೆಯ ಮೇಲೆ ಬಿತ್ತು. ಇಡೀ ಹಾಲ್ ಕತ್ತೆತ್ತಿ ನೋಡಿತು. ಮುದುಕರು, ತಾಯಂದಿರು, ಮಡಿಲಲ್ಲಿದ್ದ ಪಾಪುಗಳು, ಎಲ್ಲರೂ. ಅಷ್ಟು ಎತ್ತರದಲ್ಲಿ, ಅಷ್ಟು ಹಿಂದಿನ ಒಬ್ಬ ಮನುಷ್ಯನ ಹೆಸರು ಹೊಳೆಯುತ್ತಿತ್ತು.

ಆಮೇಲೆ ಎದ್ದ ಚಪ್ಪಾಳೆಗೆ ಕಿಟಕಿಯ ಕಂಬಳಿಯೊಂದು ಕಳಚಿ ಬಿತ್ತು ಅಂದರೆ ನೀವು ನಂಬಬೇಕು.

“ಅತ್ತೆಮ್ಮಾ,” ಅಂತ ದನಿಯಾರ್ ಅವಳ ತೋಳು ತಿವಿದ, “ನಂಗೂ ಆ ಎಂಟನೆಯೋರ ಕತೆ ಹೇಳಿಕೊಡೇ.”

“ನಂಗೇ ಗೊತ್ತಿಲ್ಲ. ಕೇಳಬೇಕು,” ಅಂದಳು ಸೈಕಾಲ್.

ಅಂಗಳ ದಾಟಿ ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಚುಚ್ಚಿತು. ಮನೆಯ ದಾರಿಯಲ್ಲಿ ಮುಕಾಶ್ ಮತ್ತು ತಲಾಂತ್ ಆಗಲೇ ಅಷ್ಟು ಮುಂದೆ ಹೋಗಿದ್ದರು. ಇಬ್ಬರದ್ದೂ ಒಂದೇ ನಡಿಗೆ, ಎಡಗಾಲು ಸ್ವಲ್ಪ ಹೊರಗೆ ಹಾಕಿ. ಇದನ್ನು ಅವಳು ಇದುವರೆಗೆ ಗಮನಿಸಿಯೇ ಇರಲಿಲ್ಲ.

“ಅಪ್ಪಾ!” ಎಂದು ಕೂಗಿದಳು.

ಇಬ್ಬರೂ ತಿರುಗಿದರು.

ಸೈಕಾಲ್ ಓಡಿದಳು.