ಲಂಬು ಗಡಗಡ ಓದಿದ ಪಟ್ಟಿ

"ಒಂದೂ ತಪ್ಪಿಲ್ಲ ಕಣೇ! ಮೂವತ್ತಕ್ಕೆ ಮೂವತ್ತು!"

ಲಂಬು ಮುಂದಿನ ಕೋಣೆಯಿಂದ ಹೊರಗೆ ಬಂದವನೇ ಗೇಟಿನ ಹತ್ತಿರ ಕಾಯುತ್ತಿದ್ದ ಚೂಟಿಯ ಕೈಗೆ ಪಟ್ ಅಂತ ಒಂದು ಏಟು ಕೊಟ್ಟ. ಚೂಟಿಗೆ ಖುಷಿಯೋ ಖುಷಿ. ಅವಳ ಅಂಗೈ ಉರಿಯುತ್ತಿದ್ದರೂ ಅವಳು ಕುಣಿದಾಡಿದಳು.

ಇಬ್ಬರ ಗುಟ್ಟೇನು ಅಂತ ಹೇಳಿಬಿಡುತ್ತೇನೆ, ಕೇಳಿ. ಚೂಟಿಯ ಅಮ್ಮ ಸೈಕಾಲಜಿಸ್ಟ್. ಆಸ್ಪತ್ರೆಯ ಕೆಲಸ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಶುರುಮಾಡಿ ಒಂದು ವರ್ಷವಾಗಿತ್ತು. ಓದಲು, ಬರೆಯಲು ಒದ್ದಾಡುವ ಮಕ್ಕಳಿಗೆ ಟೆಸ್ಟ್ ಮಾಡಿ, ತೊಡಕು ಎಲ್ಲಿದೆ ಅಂತ ಪತ್ತೆಹಚ್ಚಿ ರಿಪೋರ್ಟ್ ಬರೆಯುತ್ತಾಳೆ. ಆಮೇಲೆ ಸ್ಕೂಲಿಗೆ ಹೋಗಿ, ಆ ಮಗುವಿಗೆ ಹೇಗೆ ಕಲಿಸಬೇಕು ಅಂತ ಟೀಚರ್‌ಗಳ ಜೊತೆ ಕೂತು ಮಾತಾಡುತ್ತಾಳೆ. ಮನೆ ನಡೆಯುವುದು ಅದರಿಂದಲೇ. ಚೂಟಿಯ ಸ್ಕೂಲಿನವರು ಈ ಸಲ, "ಮೊದಲು ಮೂರು ಮಕ್ಕಳನ್ನ ಕಳಿಸ್ತೀವಿ, ಆಮೇಲೆ ನೋಡೋಣ" ಅಂದಿದ್ದರು. ಮೊದಲನೆಯವನೇ ಲಂಬು.

ಲಂಬು ಚೂಟಿಯ ಕ್ಲಾಸಿನವನು. ಕತೆ ಹೇಳು ಅಂದರೆ ಬೇಕಾದಷ್ಟು ಹೊತ್ತು ಹೇಳುತ್ತಾನೆ. ಪುಸ್ತಕ ಕೊಟ್ಟು ಓದು ಅಂದರೆ ಮಾತ್ರ ಒತ್ತಕ್ಷರ ಸಿಕ್ಕಿದಲ್ಲೆಲ್ಲ ಅವನ ಗಾಡಿ ಕೆಟ್ಟು ನಿಲ್ಲುತ್ತದೆ. ಅವನು ಟೆಸ್ಟ್‌ನಲ್ಲಿ ಫೇಲ್ ಆಗಿಬಿಟ್ಟರೆ? ಅದಕ್ಕೇ ಚೂಟಿ, ಅಮ್ಮ ಬೀರುವಿಗೆ ಬೀಗ ಹಾಕದೆ ಹೊರಗೆ ಹೋಗಿದ್ದಾಗ, ಟೆಸ್ಟ್‌ನಲ್ಲಿ ಓದಿಸುವ ಮೂವತ್ತು ಪದಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಳು. ಮೂರು ದಿನ ಅವಳು ಓದಿ ಹೇಳಿದಳು, ಅವನು ಕೇಳಿ ಕೇಳಿ ಬಾಯಿಪಾಠ ಮಾಡಿದ.

ಟೆಸ್ಟ್ ಆದ ದಿನ ಸಂಜೆ ಅಮ್ಮ ರಿಪೋರ್ಟ್ ಬರೆಯಲು ಪೆನ್ಸಿಲ್ ಹಿಡಿದು ಕೂತಿದ್ದಳು. ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ.

"ಅಮ್ಮಾ, ಟೆಸ್ಟ್‌ನಲ್ಲಿ ಯಾರಾದ್ರೂ ಎಲ್ಲಾ ಸರಿ ಮಾಡಿದ್ರೆ ಏನಾಗತ್ತೆ?"

"ನನ್ನ ಹತ್ರ ಬರೋ ಮಕ್ಕಳ ವಿಷಯ ಮನೇಲಿ ಮಾತಾಡಲ್ಲ. ಗೊತ್ತಲ್ಲ?"

"ಅಯ್ಯೋ, ಸುಮ್ನೆ ಕೇಳ್ದೆ ಅಷ್ಟೇ."

"ಏನಾಗತ್ತೆ? ಓದೋಕೆ ಏನೂ ಕಷ್ಟ ಇಲ್ಲ ಅಂತ ಬರೀತೀನಿ. ಕಷ್ಟ ಇದೆ ಅಂತಾದ್ರೆ ತಾನೇ ಪರೀಕ್ಷೇಲಿ ಎಕ್ಸ್‌ಟ್ರಾ ಟೈಮು, ಪ್ರಶ್ನೆ ಓದಿ ಹೇಳೋಕೆ ಒಬ್ಬರು ಟೀಚರು? ಇಲ್ಲ ಅಂದ್ರೆ ಯಾವುದೂ ಇಲ್ಲ."

ಚೂಟಿ ದಡಬಡ ಎದ್ದಳು. ಈ ಸಲವೂ ಪರೀಕ್ಷೆ ಮುಗಿಸದಿದ್ದರೆ ಲಂಬುವನ್ನು ಅದೇ ಕ್ಲಾಸಿನಲ್ಲಿ ಕೂರಿಸುತ್ತಾರಂತೆ. ಸಹಾಯ ಮಾಡಲು ಹೋಗಿ ತಾನು ಅವನಿಗೆ ಸಿಗಬೇಕಾದದ್ದಕ್ಕೇ ಕಲ್ಲು ಹಾಕಿದ್ದಳು!

ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಪಕ್ಕದ ಬೀದಿಗೆ ಓಡಿದಳು. ವಿಷಯ ಕೇಳಿ ಲಂಬು ಮುಖ ಸಿಂಡರಿಸಿದ.

"ಹೇಳಲ್ಲ ಹೋಗೇ! ಹೇಳಿದ್ರೆ ನಾನು ದಡ್ಡ ಅಂತ ಎಲ್ಲರಿಗೂ ಗೊತ್ತಾಗತ್ತೆ."

"ದಡ್ಡನಾ? ಮೂವತ್ತು ಪದ ಬರೀ ಕಿವೀಲಿ ಕೇಳಿ ಮೂರೇ ದಿನಕ್ಕೆ ಬಾಯಿಪಾಠ ಮಾಡಿದೀಯ. ನಂಗೆ ಓದಿದ್ರೂ ಅಷ್ಟು ಬರಲ್ಲ ಕಣೋ!"

ಲಂಬು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತ. ಕೊನೆಗೆ, "ನೀನೇ ಮೊದಲು ಹೇಳ್ಬೇಕು" ಅಂದ.

ಇಬ್ಬರೂ ಅಮ್ಮನ ಮುಂದೆ ಬಂದು ನಿಂತಾಗ ಚೂಟಿಯೇ ಮೊದಲು ಹೇಳಿದಳು. ಒಂದೂ ಬಿಡದೆ ಹೇಳಿದಳು. ಅಮ್ಮ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

"ಬೀರು ತೆಗೆದ್ಯಾ? ಎಷ್ಟು ಧೈರ್ಯ ನಿಂಗೆ!" ಅಮ್ಮನ ದನಿ ಗಡುಸಾಗಿತ್ತು. "ಇವನು ಪದಗಳನ್ನ ಗಡಗಡ ಹೇಳ್ತಾನೆ. ಅದೇ ಪದ ಪುಸ್ತಕದಲ್ಲಿ ಬಂದ್ರೆ ಗುರುತೇ ಹಿಡಿಯಲ್ಲ. ಎರಡು ಗಂಟೆಯಿಂದ ತಲೆ ಕೆರ್ಕೊಂಡು ಕೂತಿದೀನಿ! ನಾಳೆ ಹೆಡ್‌ಮಿಸ್‌ಗೆ ಹೇಳ್ಬೇಕು."

"ಬೇಡಮ್ಮಾ! ಆಮೇಲೆ ಅವರು ಯಾರನ್ನೂ ಕಳಿಸದೇ ಇದ್ರೆ?"

"ಇರಬಹುದು. ನಾನು ಬರೆದಿದ್ದು ನಿಜ ಅಂತ ಜನ ನಂಬ್ತಾರೆ, ಅದಕ್ಕೇ ಕಣೇ ನಂಗೆ ಕೆಲಸ ಕೊಡೋದು. ಹೇಳ್ದೇ ಇರೋಕಾಗಲ್ಲ."

ಚೂಟಿ ಮೂಗು ಒರೆಸಿಕೊಂಡಳು. "ಹಾಗಾದ್ರೆ ನಾನೂ ಬರ್ತೀನಿ. ನಾನೇ ಹೇಳ್ತೀನಿ."

ಮರುದಿನ ಹೆಡ್‌ಮಿಸ್ ಕನ್ನಡಕ ತೆಗೆದು ಎಲ್ಲವನ್ನೂ ಕೇಳಿಸಿಕೊಂಡರು. "ಬೀಗ ಹಾಕದೇ ಇದ್ದಿದ್ದು ನನ್ನ ತಪ್ಪು" ಅಂದಳು ಅಮ್ಮ. "ಇದೇ ಥರದ್ದು ಬೇರೆ ಪದಗಳ ಪಟ್ಟಿ ಇದೆ. ಅದರಲ್ಲಿ ಮತ್ತೆ ಟೆಸ್ಟ್ ಮಾಡ್ತೀನಿ."

"ಮಾಡಿ. ಉಳಿದ ಇಬ್ಬರ ವಿಷಯ ಯೋಚಿಸಿ ಹೇಳ್ತೀನಿ" ಅಂದರು ಹೆಡ್‌ಮಿಸ್. ಬಯ್ಯಲಿಲ್ಲ, ನಗಲೂ ಇಲ್ಲ.

ಶನಿವಾರ ಲಂಬು ಮತ್ತೆ ಬಂದ. ಈ ಸಲ ಬೀರುವಿನ ಕೀಲಿ ಅಮ್ಮನ ಕತ್ತಿನಲ್ಲೇ ನೇತಾಡುತ್ತಿತ್ತು. ಅಮ್ಮ, ಲಂಬು ಇಬ್ಬರೂ ಮುಂದಿನ ಕೋಣೆಗೆ ಹೋದರು. ಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಹಾಲ್‌ನಲ್ಲಿ ಹೋಂವರ್ಕ್ ಮಾಡುತ್ತಿದ್ದ ಚೂಟಿಗೆ ಲಂಬುವಿನ ದನಿ ಕೇಳಿತು.

ಮೊದಲಿನ ನಾಲ್ಕೈದು ಪದ ಓದಿದ. ಆಮೇಲೆ ನಿಂತ. "ಪು... ಪುಸ... ಪುಸಕ..." ಅಂತ ತಡವರಿಸಿದ. 'ಪುಸ್ತಕ' ಅನ್ನುವುದು ಚೂಟಿಯ ನಾಲಿಗೆಯ ತುದಿಗೇ ಬಂತು. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಲಂಬು ಮತ್ತೆ ಮೊದಲಿಂದ ಶುರುಮಾಡಿದ. ಈ ಸಲ ಇನ್ನೂ ನಿಧಾನ. ಅಮ್ಮ ಅವಸರ ಮಾಡಲಿಲ್ಲ, ಹೇಳಿಕೊಡಲೂ ಇಲ್ಲ, ಕಾಯುತ್ತಿದ್ದಳು.

ಮೂರು ದಿನ ಅವನ ಪಕ್ಕದಲ್ಲೇ ಕೂತಿದ್ದರೂ ತಾನು ಒಂದು ಸಲವೂ ಹೀಗೆ ಕಾದಿರಲಿಲ್ಲ ಅಂತ ಚೂಟಿಗೆ ಆಗ ಹೊಳೆಯಿತು. ಅವನು ಬಾಯಿ ತೆರೆಯುವ ಮೊದಲೇ ತಾನೇ ಪದ ಹೇಳಿಬಿಡುತ್ತಿದ್ದಳು. ಅವನು ಓದುವುದು ಹೇಗಿರುತ್ತದೆ ಅಂತ ಅವಳು ಕಿವಿಗೊಟ್ಟು ಕೇಳಿಯೇ ಇರಲಿಲ್ಲ.

ಅವಳು ಎದ್ದು, ಸದ್ದಾಗದ ಹಾಗೆ ಬಾಗಿಲನ್ನು ಎಳೆದು ಪೂರ್ತಿ ಮುಚ್ಚಿದಳು.