ಮೊದಲ ತುಂಡಿನ ಸಹಿ

ಸೋಮವಾರ ಬೆಳಿಗ್ಗೆ 9.10ಕ್ಕೆ ಡಬ್ಬಿ ಮುಚ್ಚಳ ತಯಾರಿಸುವ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಭಾನುವಾರ ರಜೆಯಲ್ಲಿ ಯಾರೋ ಒಳಹೊಕ್ಕು, ಎರಡನೇ ನಂಬರಿನ ಪ್ರೆಸ್ ಯಂತ್ರವನ್ನು ನಡೆಸುವ ಕಂಪ್ಯೂಟರನ್ನು ಪೂರ್ತಿ ಅಳಿಸಿದ್ದಾರೆ, ಯಂತ್ರ ಹಾಳಾಗಿದೆ. 9.40ಕ್ಕೆ ಎಫ್‌ಐಆರ್ ದಾಖಲಾಯಿತು.

ಬರೆದುಕೊಂಡವಳು ಹೆಡ್ ಕಾನ್‌ಸ್ಟೆಬಲ್. ಠಾಣೆಯ ಬರವಣಿಗೆಯೆಲ್ಲ ಅವಳದೇ ಆದ್ದರಿಂದ ಎಲ್ಲರ ಬಾಯಲ್ಲೂ ರೈಟರಮ್ಮ. ‘ಎರಡನೇ ನಂಬರಿನ ಪ್ರೆಸ್’ ಎಂಬಲ್ಲಿ ಅವಳ ಪೆನ್ನು ನಿಂತಿತು. ಎರಡು ತಿಂಗಳ ಹಿಂದೆ ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಹೆಂಗಸೊಬ್ಬಳು ಜೊತೆಗೊಬ್ಬಳನ್ನು ಕರೆದುಕೊಂಡು ಬಂದು ಇದೇ ಯಂತ್ರದ ಮೇಲೆ ದೂರು ತಂದಿದ್ದಳು. ಯಂತ್ರದ ಜಾಲರಿ ಬಾಗಿಲು ತೆರೆದಿಟ್ಟು ಕೈ ಹಾಕಿದ್ದು ಆಕೆಯದೇ ಅಜಾಗರೂಕತೆ ಎಂದು ಕಾರ್ಖಾನೆ ಪತ್ರ ಕಳಿಸಿತ್ತು. ಇನ್‌ಸ್ಪೆಕ್ಟರ್ ಹೇಳಿದಂತೆ ರೈಟರಮ್ಮನೇ ಆ ಹಾಳೆ ಮಡಚಿ ವಾಪಸು ಕೊಟ್ಟಿದ್ದಳು.

10.30ಕ್ಕೆ ಕಾರ್ಖಾನೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು.

"ನೋಡಿ ಸಾರ್, ಎಷ್ಟು ಒತ್ತಿದ್ರೂ ಅಲ್ಲಾಡಲ್ಲ. ಸತ್ತು ಬಿದ್ದಿದೆ" ಎಂದರು ಮ್ಯಾನೇಜರ್.

ಪರದೆಯ ಮೇಲೆ ಒಂದೇ ಸಾಲು ಮಿನುಗುತ್ತಿತ್ತು: ಬಾಗಿಲು ಮುಚ್ಚಿ.

ರೈಟರಮ್ಮ ಜಾಲರಿ ಬಾಗಿಲು ಎಳೆದು ಗುಂಡಿ ಒತ್ತಿದಳು. ಧಡ್! ಹೊಸ ಮುಚ್ಚಳವೊಂದು ಠಣ್ಣೆಂದು ತೊಟ್ಟಿಗೆ ಬಿತ್ತು.

"ಸತ್ತವರು ಎದ್ದು ಕೂತ್ರಲ್ಲ ಸ್ವಾಮಿ" ಎಂದರು ಇನ್‌ಸ್ಪೆಕ್ಟರ್.

"ಹಿಂಗೆ ಒಂದೊಂದು ಸಲಾನೂ ಬಾಗಿಲು ಹಾಕಿ ತೆಗೆದು ಮಾಡಿದ್ರೆ ಕೆಲಸ ಆದ ಹಾಗೇ! ಮುಂಚೆ ತೆರೆದಿದ್ರೂ ಓಡ್ತಿತ್ತು..." ಮ್ಯಾನೇಜರ್ ನಾಲಿಗೆ ಕಚ್ಚಿಕೊಂಡರು. ಪಂಚರಲ್ಲೊಬ್ಬ ಕೆಮ್ಮಿದ.

ಠಾಣೆಯ ಕಂಪ್ಯೂಟರ್ ಮೊಂಡು ಹಿಡಿದಾಗಲೆಲ್ಲ ಅದನ್ನು ಅಳಿಸಿ ಹೊಸದಾಗಿ ಕೂರಿಸುವವಳೂ ರೈಟರಮ್ಮನೇ. ಪರದೆಯಲ್ಲಿ ವಿವರ ತೆಗೆದು ಓದಿದಳು. "ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದು ಭಾನುವಾರ ಮಧ್ಯಾಹ್ನ 3.20ಕ್ಕೆ ಸಾರ್. ಪೆನ್ ಡ್ರೈವ್‌ನಿಂದಾನೇ ಹಾಕಿರ್ಬೇಕು. ಅದನ್ನ ಚುಚ್ಚೋ ಜಾಗ ಹಿಂದಿನ ತಗಡಿನ ಒಳಗಿದೆ. ಹಾಕೋವಾಗ ಈ ಪರದೆ ಮುಟ್ಟಿದ್ರೆ ಏನೂ ಆಗಲ್ಲ, ಕೀಬೋರ್ಡ್ ಬೇಕು. ಬಂದೋರು ಅದನ್ನೂ ಹೊತ್ಕೊಂಡೇ ಬಂದಿದ್ದಾರೆ."

"ಅಂದ್ರೆ ಒಳಗಿನೋರೇ."

ಪಕ್ಕದ ಕಂಬದ ಮೊಳೆಯಲ್ಲಿ ಮುಚ್ಚಳವೊಂದು ನೇತಾಡುತ್ತಿತ್ತು. ಮೇಲೆ ಮಾರ್ಕರ್ ಬರಹ: ಭಾನುವಾರ, 4.35. ಕೆಳಗೊಂದು ದುಂಡು ಸಹಿ.

"ಇದೇನ್ರೀ?"

"ಅದು... ನಮ್ಮಲ್ಲಿ ಪದ್ಧತಿ ಸಾರ್. ರಿಪೇರಿ ಆದ್ಮೇಲೆ ಬರೋ ಮೊದಲ ತುಂಡಿಗೆ ಕೆಲಸ ಮಾಡಿದೋರು ಸಹಿ ಹಾಕಿ ನೇತು ಹಾಕ್ಬೇಕು."

"ಯಾರ ಸಹಿ?"

ಮ್ಯಾನೇಜರ್ ಮುಖ ಸುಣ್ಣವಾಯಿತು. "ಟೆಸ್ಟರಕ್ಕಂದು."

ಟೆಸ್ಟರಕ್ಕ ಎಂದರೆ ಯಂತ್ರಗಳ ದುರಸ್ತಿ ನೋಡುವ ಎಲೆಕ್ಟ್ರಿಷಿಯನ್. ಕಿವಿಯ ಹಿಂದೆ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದಳು. 11.50ಕ್ಕೆ ಅವರು ಹೋದಾಗ ಉಪಕರಣಗಳ ಕೋಣೆಯ ಸ್ಟೂಲಿನ ಮೇಲೆ, ಬಸ್ಸಿಗೆ ಕಾಯುವವಳಂತೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಎಷ್ಟೊತ್ತು ಸಾರ್! ಊಟದ ಹೊತ್ತೇ ಆಯ್ತು."

"ತಪ್ಪು ಒಪ್ಕೋತೀಯಾ?"

"ಮಾಡಿದ್ದು ಒಪ್ಕೋತೀನಿ. ತಪ್ಪು ಅಂತ ಬರೀಬೇಡಿ."

"ಸಹಿ ಯಾಕೆ ಹಾಕ್ದೆ? ಹಾಕದಿದ್ರೆ ನಿನ್ನನ್ನ ಹಿಡಿಯೋದು ಕಷ್ಟ ಆಗ್ತಿತ್ತು."

"ಸಹಿ ಹಾಕದ ಕೆಲಸ ಕಳ್ಳರದು ಸಾರ್."

ಚೀಲದಿಂದ ಎರಡು ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು. "ಕೆಂಪುದರಲ್ಲಿ ಯಂತ್ರ ಮಾಡಿದೋರು ಕೊಟ್ಟ ಅಸಲಿ ಸಾಫ್ಟ್‌ವೇರ್ ಇದೆ. ನಾನು ಕೂರಿಸಿದ್ದು ಅದನ್ನೇ. ಕಪ್ಪುದರಲ್ಲಿ ಹಳೇದರ ಕಾಪಿ ಇದೆ. ಬಾಗಿಲು ತೆರೆದಿದ್ರೂ ಪ್ರೆಸ್ ಬೀಳೋ ಹಾಗೆ ಯಾರು, ಯಾವತ್ತು ತಿದ್ದಿಸಿದ್ರು ಅಂತ ಅದರಲ್ಲೇ ಇದೆ. ಅಳಿಸೋ ಮುಂಚೆ ಇಳಿಸ್ಕೊಂಡೆ."

"ಕಪ್ಪುದು ಕಂಪನಿ ಸ್ವತ್ತು, ಅದಕ್ಕೂ ಈ ಕೇಸಿಗೂ ಸಂಬಂಧ ಇಲ್ಲ!" ಮ್ಯಾನೇಜರ್ ಕೈ ಚಾಚಿದರು.

ರೈಟರಮ್ಮ ಡ್ರೈವ್‌ಗಳ ಮೇಲೆ ಅಂಗೈ ಊರಿದಳು.

"ಮೊದಲೇ ಠಾಣೆಗೆ ತಂದು ಕೊಡ್ಬಹುದಿತ್ತಲ್ಲಮ್ಮ?" ಇನ್‌ಸ್ಪೆಕ್ಟರ್ ದನಿ ತಗ್ಗಿತ್ತು.

"ಬಂದಿದ್ವಲ್ಲ ಸಾರ್, ನಾನೂ ನಮ್ಮತ್ತಿಗೇನೂ. ಎರಡು ಬೆರಳು ಹೋದಾಗ ನಿಮ್ಮಲ್ಲಿ ಎಫ್‌ಐಆರ್ ಆಗ್ಲಿಲ್ಲ. ಯಂತ್ರದ ತಲೆ ತೊಳೆದ್ರೆ ಆಗುತ್ತೆ ಅಂತ ಗೊತ್ತಿತ್ತು." ಅವಳ ಕಣ್ಣು ರೈಟರಮ್ಮನ ಕಡೆ ತಿರುಗಿತು. "ಈ ಸಲ ಹಾಳೆ ಮಡಚಿ ಕೊಡಕ್ಕಾಗಲ್ಲ, ಅಲ್ವೇನಮ್ಮ? ದೂರು ಅವರದೇ."

ರೈಟರಮ್ಮ ಹಾಳೆ ಬಿಡಿಸಿದಳು. ಅವಳಿಗೆ ಬರುತ್ತಿದ್ದುದು ಬರೆಯುವುದೊಂದೇ. ಜಪ್ತಿ ಪಟ್ಟಿಯಲ್ಲಿ ಬರೆದಳು: ಒಂದು, ಕೆಂಪು ಪೆನ್ ಡ್ರೈವ್. ಎರಡು, ಕಪ್ಪು ಪೆನ್ ಡ್ರೈವ್, ತಿದ್ದಿದ ಹಳೆಯ ತಂತ್ರಾಂಶದ ನಕಲು ಎಂದು ಆರೋಪಿಯ ಹೇಳಿಕೆ. ಮೂರು, ಸಹಿಯಿರುವ ಮುಚ್ಚಳ. ಅಕ್ಷರಗಳು ಎಂದಿಗಿಂತ ದಪ್ಪವಾಗಿದ್ದವು. ಇನ್‌ಸ್ಪೆಕ್ಟರ್ ಎರಡನೇ ಸಾಲನ್ನು ಬಹಳ ಹೊತ್ತು ನೋಡಿದರು. ಅವಳು ಪೆನ್ನು ಮುಂದೆ ಹಿಡಿದೇ ನಿಂತಳು. ಕೊನೆಗೆ ಪಂಚರನ್ನು ಕರೆದು ಸಹಿ ಹಾಕಿಸಿ ತಾವೂ ಹಾಕಿದರು.

1.35ಕ್ಕೆ ದಸ್ತಗಿರಿ. ಗೇಟಿನ ಹೊರಗೆ ಅತ್ತಿಗೆ ಮೂರು ಬೆರಳಿನ ಕೈಯನ್ನು ಸೆರಗಿನಿಂದ ಹೊರತೆಗೆದು, ಮ್ಯಾನೇಜರ್ ಕಣ್ಣಿಗೆ ಬೀಳುವಂತೆ, ಎತ್ತಿ ಬೀಸಿದಳು. ಹಿಂಬಾಗಿಲು ತೆರೆದಿದ್ದಂತೆಯೇ ಜೀಪು ಜಗ್ಗಿ ಹೊರಟಿತು. "ಬಾಗಿಲು ಹಾಕ್ಕೊಂಡು ಹೊರಡ್ರಪ್ಪ! ನಿಮಗೂ ಹೊಸದಾಗಿ ಕೂರಿಸ್ಬೇಕಾ?" ಎಂದು ಟೆಸ್ಟರಕ್ಕ ಒಳಗಿನಿಂದ ಗದರಿದಳು.

ಸಂಜೆ ವರದಿಯ ಕೊನೆಗೆ ‘ಕೃತ್ಯದ ಉದ್ದೇಶ’ ಎಂಬ ಕಲಂ ಉಳಿದಿತ್ತು. ಅಲ್ಲಿ ಸಾಮಾನ್ಯವಾಗಿ ದ್ವೇಷ, ದುರಾಸೆ ಎಂದು ಒಂದೇ ಪದ ಬೀಳುವುದು. ರೈಟರಮ್ಮ ಒಂದು ಸಾಲು ಬರೆದಳು: ಬಾಗಿಲು ತೆರೆದಿದ್ದರೆ ಯಂತ್ರ ನಿಲ್ಲಬೇಕೆಂದು.

ಆಮೇಲೆ, ಆ ಕಲಮಿನಲ್ಲಿ ಯಾರೂ ಕೇಳದಿದ್ದರೂ, ಕೆಳಗೆ ವೇಳೆ ನಮೂದಿಸಿ ತನ್ನ ಸಹಿ ಹಾಕಿದಳು.